ಪೋರ್ಚುಗಲ್ ಗೆದ್ದ ಸಂಜೆ

ಕೆಮ್ಮಣ್ಣು
12 ಮೇ 2026, ಮಂಗಳವಾರ

ಪ್ರೀತಿಯ ಸುಗಂಧಿ,

ಯೇಸು, ಮರಿಯಮ್ಮ, ಜೋಸೆಫ್ ನಿನ್ನ ಮನೆಮಂದಿಯನ್ನು ಕಾಯಲಿ. ನಿನ್ನ ಮನೆಯ ದೈವಗಳೂ ಕಾಯಲಿ, ಅದರಲ್ಲಿ ನನಗೆ ತಕರಾರಿಲ್ಲ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು, ನಾನು ಉತ್ತರ ಬರೆಯಲಿಲ್ಲ. ಬೈಯುವುದಿದ್ದರೆ ಬೈದುಬಿಡು, ಆಮೇಲೆ ಓದು. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ನಮ್ಮ ಯಜಮಾನರು ಲಿಗೋರಿ ಕುವೈತ್ ಬಿಟ್ಟು ಊರಿಗೆ ಬಂದು ಕುಳಿತ ಮೇಲೆ ನಮ್ಮ ಮನೆಯ ಫೋನು ಫುಟ್‌ಬಾಲಿನದಾಗಿದೆ. ಅಡಿಗೆಮನೆಯಲ್ಲಿ ನಿಂತು ನಿನ್ನ ಹತ್ತಿರ ಎರಡು ಮಾತಾಡಿದರೆ ಇವರು ಹಿಂದಿನಿಂದ, "ಯಾರು, ಸುಗಂಧಿಯಾ? ಅವಳ ಮಗ ವಿಕಾಸನಿಗೆ ಹೇಳು, ಈ ಸಲ ನಲವತ್ತೆಂಟು ತಂಡ ಉಂಟಂತೆ," ಎನ್ನುತ್ತಾರೆ. ಹಾಗಿರುವಾಗ ಗುಟ್ಟು ಹೇಳುವುದು ಎಲ್ಲಿ?

ಇದು ಗುಟ್ಟಿನ ಪತ್ರ. ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ನನ್ನ ಹೊಟ್ಟೆಯ ಉರಿ ಸ್ವಲ್ಪ ಕಡಿಮೆಯಾಗಲಿ.

ಇಪ್ಪತ್ತೊಂಬತ್ತು ವರ್ಷ ಪರದೇಶದಲ್ಲಿ ಏಸಿ ರಿಪೇರಿ ಮಾಡಿ ಬಂದ ಗಂಡಸು ಊರಲ್ಲಿ ಏನು ಮಾಡಬೇಕು ಹೇಳು. ತೆಂಗಿನ ಬುಡ ಬಿಡಿಸಬಹುದು, ಹೊಳೆಗೆ ಬಲೆ ಬೀಸಬಹುದು. ಇವರು ಇನ್ನೂರು ಪುಟದ ಒಂದು ಪುಸ್ತಕ ತಂದು ವಿಶ್ವಕಪ್ಪಿನ ಚರಿತ್ರೆ ಬರೆಯಲು ಕುಳಿತಿದ್ದಾರೆ. ಕನ್ನಡದಲ್ಲಿ. ನಾವು ಮೂವರೂ ಕಲಿತ ಅದೇ ಶಾಲೆಯ ಕನ್ನಡದಲ್ಲಿ. ಒಂದೊಂದು ಕಪ್ಪಿಗೂ ಒಂದೊಂದು ಪಾಠ. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ, ತಾನು ಅದನ್ನು ಎಲ್ಲಿ ಕುಳಿತು ನೋಡಿದೆ, ಪಕ್ಕದಲ್ಲಿ ಯಾರಿದ್ದರು, ಏನು ತಿಂದೆ ಎಂಬುದೆಲ್ಲ ಬರೆಯುತ್ತಾರೆ. ನೀವು ಹುಟ್ಟುವ ಮೊದಲಿನದ್ದಕ್ಕೆ ಎಂತ ಬರೆಯುತ್ತೀರಿ ಎಂದು ಕೇಳಿದೆ. "ಅಪ್ಪ ರೇಡಿಯೋದಲ್ಲಿ ಕೇಳಿದ್ದು ಬರೆಯುತ್ತೇನೆ," ಎಂದರು. ನಮ್ಮ ಮಾವ ರೇಡಿಯೋದಲ್ಲಿ ಕೇಳುತ್ತಿದ್ದದ್ದು ಹವಾಮಾನ ಮಾತ್ರ.

ಇವರಿಗೆ ಇಸವಿ ಎಂಬುದೇ ಇಲ್ಲ ಮಾರಾಯ್ತಿ. ನಮ್ಮ ಮದುವೆ ಯಾವಾಗ ಆದದ್ದೆಂದು ಕೇಳಿದರೆ ಫ್ರಾನ್ಸ್ ಮೊದಲ ಸಲ ಗೆದ್ದ ವರ್ಷ. ಡೆನ್ವರ್ ಹುಟ್ಟಿದ್ದು ಬ್ರೆಜಿಲ್ ಐದನೇ ಸಲ ಗೆದ್ದ ವರ್ಷ. ಮೊನ್ನೆ ಪಡಿತರ ಚೀಟಿಯ ಆಫೀಸಿನಲ್ಲಿ ಕುಳಿತ ಹುಡುಗಿ ಇವರು ಹುಟ್ಟಿದ ದಿನ ಕೇಳಿದರೆ, "ಬರೆದುಕೊಳ್ಳಿ, ಪಶ್ಚಿಮ ಜರ್ಮನಿ," ಎಂದರು. ಆ ಹುಡುಗಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಪಾಸ್ಕ ಹಬ್ಬದ ಮರುವಾರ ಚರ್ಚಿನ ಯುವಜನರು ಇವರನ್ನು ಕರೆದು, ಪೂಜೆ ಮುಗಿದ ಮೇಲೆ ಸಭಾಂಗಣದಲ್ಲಿ ಇಪ್ಪತ್ತು ನಿಮಿಷ ಮಾತಾಡಿ ಅಂಕಲ್ ಎಂದರು. ಇವರು ಒಂದೂವರೆ ಗಂಟೆ ಮಾತಾಡಿದರು. 1930ರಲ್ಲಿ ಉರುಗ್ವೆ ಎಂಬಲ್ಲಿ ಹದಿಮೂರು ತಂಡಗಳಿಂದ ಶುರುವಾಯಿತಂತೆ. ಯುದ್ಧ ಬಂದು ಎರಡು ಸಲ ತಪ್ಪಿತಂತೆ. ಕಪ್ಪು ಒಮ್ಮೆ ಕಳವಾಗಿ, ಒಂದು ನಾಯಿ ಹುಡುಕಿಕೊಟ್ಟಿತಂತೆ. ನಮ್ಮ ದೇಶಕ್ಕೂ 1950ರಲ್ಲಿ ಕರೆ ಬಂದಿತ್ತು, ನಾವೇ ಹೋಗಲಿಲ್ಲವಂತೆ. "ಬರಿಗಾಲಲ್ಲಿ ಆಡಲು ಬಿಡಲಿಲ್ಲ ಅಂತ ಹೇಳುತ್ತಾರಲ್ಲ, ಅದು ಶುದ್ಧ ಸುಳ್ಳು!" ಎಂದು ಮೇಜು ಗುದ್ದಿದರು. ಫಾದರ್‌ಗೆ ಎಚ್ಚರವಾಯಿತು. ಆ 1950ರಲ್ಲೇ ನಿಂತಿತು ಭಾಷಣ, ಏಕೆಂದರೆ ಹೆಂಗಸರೆಲ್ಲ ಗಂಜಿ ಬಸಿಯಲು ಎದ್ದುಬಿಟ್ಟಿದ್ದರು.

ನನಗೆ ನಗು ಬಂತೆಂದು ತಿಳಿಯಬೇಡ. ನಾನು ಕೊನೆಯ ಬೆಂಚಿನಲ್ಲಿ ಕುಳಿತು ಜಪಸರದ ಎರಡು ಸುತ್ತು ಮುಗಿಸಿದೆ.

ಈಗ ಗುಟ್ಟು.

ನನ್ನ ಅತ್ತೆ ಝೀಟಾ ಬಾಯಿ, ನಮ್ಮ ಮಾಂಯ್, ತೀರಿ ಈ ಜುಲೈಗೆ ಇಪ್ಪತ್ತು ವರ್ಷ. ಇಷ್ಟು ವರ್ಷ ಗೋರಿಯ ಮೇಲೆ ಒಂದು ಮರದ ಶಿಲುಬೆ, ಅದರಲ್ಲಿ ಹೆಸರು ಮಾತ್ರ. ಇವರು ಊರಿಗೆ ಬಂದವರೇ ಕಲ್ಲು ಹಾಕಿಸುತ್ತೇನೆ ಎಂದು ಹೊರಟರು. ಸಂತೋಷವೇ. ನಿಮ್ಮ ಕಾರ್ಕಳದ ಅಣ್ಣು ಆಚಾರಿಯವರಿಗೆ ಕೆಲಸ ಕೊಟ್ಟು ಬಂದರು. ಇಲ್ಲಿ ಬಾದಾಮಿ ಕಡೆಯ ಮೇಸ್ತ್ರಿ ಹನುಮಪ್ಪ ಗೋರಿಗೆ ಕಟ್ಟೆ ಕಟ್ಟುತ್ತಿದ್ದಾನೆ. ಅವನನ್ನೂ ಬಿಡಲಿಲ್ಲ ಇವರು. "ಹನುಮಪ್ಪ, ಉರುಗ್ವೆ ಎಲ್ಲುಂಟು ಗೊತ್ತುಂಟಾ?" ಎಂದರೆ ಅವನು ಸಿಮೆಂಟು ಕಲಸುತ್ತಾ, "ನಮ್ಮೂರ ದಾಟಿ ಇರಬೇಕ್ರಿ ಸಾವ್ಕಾರ್ರ, ಈ ಕಡಿ ಬಸ್ಸಿನ ಬೋರ್ಡಿನ್ಯಾಗ ನಾ ನೋಡಿಲ್ಲ," ಎಂದ.

ಮೊನ್ನೆ ಭಾನುವಾರ ಇವರು ಫೋನಿನಲ್ಲಿ ಫೋಟೋ ತೋರಿಸಿದರು. ಕರಿಕಲ್ಲು, ನುಣ್ಣಗೆ ಉಜ್ಜಿದ್ದು. ಹೆಸರು ಕೆತ್ತಿ ಆಗಿದೆ. ತಾರೀಕು ಮಾತ್ರ ಬಿಳಿ ಬಣ್ಣದಲ್ಲಿ ಬರೆದಿಟ್ಟಿದ್ದಾರೆ, ಕೆತ್ತುವುದು ಬಾಕಿ. ಏನು ತಾರೀಕು ಗೊತ್ತಾ? ಮರಣ 8 ಜುಲೈ 2006.

ಸುಗಂಧಿ, ನಿನಗೆ ಗೊತ್ತು. ಮಾಂಯ್ ತೀರಿದ್ದು ಒಂದನೇ ತಾರೀಕು, ಶನಿವಾರ ಬೆಳಿಗ್ಗೆ. ಭಾನುವಾರ ಮಣ್ಣು ಕೊಟ್ಟೆವು. ನೀನು ಕಾರ್ಕಳದಿಂದ ಒದ್ದೆ ಸೀರೆಯಲ್ಲಿ ಬಂದಿದ್ದೆ. ಆ ವಾರ ಕುವೈತಿನಲ್ಲಿ ಇವರು ಅಲ್ಲಿ ಇರುವ ಪರವಾನಗಿಯನ್ನು ಹೊಸದು ಮಾಡಿಸಬೇಕಿತ್ತು. ನಡುವೆ ಹೊರಟು ಬಂದರೆ ಕಂಪನಿ ತಿರುಗಿ ಸೇರಿಸಿಕೊಳ್ಳುವುದಿಲ್ಲ, ಹಾಗೆ ಇಬ್ಬರು ಕೆಲಸ ಕಳೆದುಕೊಂಡಿದ್ದರು. ನಮ್ಮ ಮನೆಗೆ ಆಗ ಹಂಚಿನ ಮಾಡು ಕೂಡ ಇರಲಿಲ್ಲ, ತಾಳೆಗರಿ ಹೊದೆಸಿ ಇದ್ದೆವು. ಅದಕ್ಕೆ ನಾನು ಹೇಳಲಿಲ್ಲ. ಪರವಾನಗಿ ಕೈಗೆ ಬಂತು ಎಂದು ಇವರು ಹೇಳಿದ ಮೇಲೆ, ಒಂಬತ್ತನೇ ತಾರೀಕು, ಫೋನಿನಲ್ಲಿ, "ನಿನ್ನೆ ಮಾಂಯ್ ಹೋದರು, ಇವತ್ತು ಮಣ್ಣು ಮಾಡಿದೆವು, ನಿಮ್ಮನ್ನು ಕರೆಸುವುದು ಬೇಡ ಎಂದು ಅವರೇ ಹೇಳಿದ್ದರು," ಎಂದೆ. ಏಳನೇ ದಿನದ ಪೂಜೆಗೆ ಬಂದ ನೀನು ಇಲ್ಲೇ ಉಳಿದಿದ್ದೆ, ಪಕ್ಕದಲ್ಲಿ ನಿಂತು ನನ್ನ ಕೈ ಹಿಡಿದಿದ್ದೆ.

ಆ ಸುಳ್ಳು ಈಗ ಕಲ್ಲಿನ ಮೇಲೆ ಬಂದು ಕುಳಿತಿದೆ. ಇವರ ರಜೆ ಯಾವಾಗಲೂ ಕ್ರಿಸ್ಮಸ್ಸಿಗೆ, ಹಾಗಾಗಿ ಜುಲೈ ಒಂದರ ಪೂಜೆ ಇವರ ಕಣ್ಣಿಗೆ ಬೀಳಲಿಲ್ಲ. ಊರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ, ದೇವರು ಅವರನ್ನು ಕಾಯಲಿ. ಈಗ ಇವರು ಹೋಗಿ ಎಂಟನೇ ತಾರೀಕಿಗೇ ಪೂಜೆಯನ್ನೂ ಕಲ್ಲಿನ ಆಶೀರ್ವಾದವನ್ನೂ ಬರೆಸಿ ಬಂದಿದ್ದಾರೆ. ಅಷ್ಟು ಸಾಲದೆಂದು, "ಅಂದು ಸಂಜೆ ಮ್ಯಾಚೂ ಇಲ್ಲ," ಎಂದು ಬೇರೆ ಹೇಳುತ್ತಾರೆ! ತಾಯಿಯ ಗೋರಿಗೂ ಬಿಡುವು ನೋಡಿ ಹೋಗುವ ಮನುಷ್ಯ. ನಾನು ಸಿಟ್ಟಿನಲ್ಲಿ ಮೀನಿನ ಪಾತ್ರೆಯನ್ನು ಕುಕ್ಕಿದೆ. ಮೀನಿನ ತಪ್ಪೇನಿತ್ತು ಪಾಪ.

ಊರಿಗೆಲ್ಲ ಒಂದನೇ ತಾರೀಕು ಗೊತ್ತು. ಎಂಟರಂದು ಕಲ್ಲಿನ ಮುಂದೆ ನಿಂತು ಯಾವಳಾದರೂ, "ಇದೆಂತ ಲಿಗೋರಿ ಬಾಬ್, ತಾರೀಕು ತಪ್ಪಿದೆ," ಎಂದರೆ ನಾನು ಇವರ ಮುಖ ಹೇಗೆ ನೋಡಲಿ? ನಿನ್ನ ಯಜಮಾನರಿಗೆ ಅಣ್ಣು ಆಚಾರಿಯವರ ಗುರುತುಂಟು. ನೀನು ಒಮ್ಮೆ ಹೋಗಿ, ಎಂಟನ್ನು ಒಂದು ಮಾಡಲು ಹೇಳು. ಕೆತ್ತಿ ಆದ ಮೇಲೆ ಆಚಾರಿಯ ಕೈತಪ್ಪು ಎಂದರಾಯಿತು. ಅದೂ ಪಾಪವೇ. ಫಾದರ್ ಹತ್ತಿರ ಹೇಳಿಕೊಳ್ಳುತ್ತೇನೆ.

ವಿಕಾಸನ ಹೆಂಡತಿಗೆ ಎಷ್ಟು ತಿಂಗಳಾಯಿತು? ಅವಳಿಗೆ ನನ್ನ ಆಶೀರ್ವಾದ ಹೇಳು.

ನಿನ್ನ
ಬೆನೆಡಿಕ್ಟಾ

ಕೆಮ್ಮಣ್ಣು
28 ಮೇ 2026, ಗುರುವಾರ

ಪ್ರೀತಿಯ ಸುಗಂಧಿ,

ನಿನ್ನ ಪತ್ರ ಬಂದು ಐದು ದಿನವಾಯಿತು. ನಾಲ್ಕು ದಿನ ಅದನ್ನು ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟುಕೊಂಡು ಓಡಾಡಿದೆ. ಬಿಸಿಲಿನಲ್ಲಿ ಆಚಾರಿಯ ಶೆಡ್ಡಿನವರೆಗೆ ನಡೆದು ಹೋದೆಯಲ್ಲ, ನಿನ್ನ ಮಂಡಿನೋವಿಗೆ ದೇವರೇ ಮದ್ದು ಕೊಡಲಿ.

ಅಣ್ಣು ಆಚಾರಿ ನಿನಗೆ ಹೇಳಿದ್ದನ್ನು ನೀನು ಬರೆದ ಹಾಗೆಯೇ ನಾಲ್ಕು ಸಲ ಓದಿದೆ. "ಅಮ್ಮಾ, ಕಲ್ಲು ಸ್ಲೇಟಲ್ಲ, ಒರೆಸಿ ಬರೆಯಲಿಕ್ಕೆ. ಸತ್ತವರ ತಾರೀಕನ್ನು ನಾನು ಬಾಯಿಮಾತಿನಲ್ಲಿ ತೆಗೆದುಕೊಳ್ಳುವವನೇ ಅಲ್ಲ. ಕೆಲಸ ಕೊಟ್ಟವರು ತಮ್ಮ ಕೈಯಲ್ಲೇ ಬರೆದುಕೊಡಬೇಕು, ಬದಲಿಸುವುದಿದ್ದರೂ ಅವರೇ ಬಂದು ಬರೆಯಬೇಕು. ನನ್ನ ಅಪ್ಪನ ಕಾಲದಿಂದ ಹಾಗೆ." ಆಮೇಲೆ ಕಲ್ಲಿನ ಬದಿಗೆ ಅಂಟಿಸಿದ್ದ ಚೀಟಿಯನ್ನು ನಿನಗೆ ತೋರಿಸಿದರಂತೆ. ನೀನು ಬರೆದಿದ್ದೀಯಲ್ಲ, ಇವರು ಮೊದಲು ಒಂದು ಎಂದು ಬರೆದು, ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಎಂಟು ಎಂದು ಬರೆದಿದ್ದಾರೆಂದು. "ಬರೆಯುವಾಗ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದರು, ಒಂದು ಬೀಡಿ ಸೇದಿ ಮುಗಿಸಿದೆ ನಾನು," ಎಂದೂ ಆಚಾರಿ ಹೇಳಿದರಂತೆ.

ಒಂದು ಎಂದು ಬರೆಯಲು ಇವರಿಗೆ ಒಂದನೇ ತಾರೀಕು ಗೊತ್ತಿರಬೇಕಲ್ಲ?

ನಾಲ್ಕು ದಿನ ಇವರ ಮುಖ ನೋಡಿದೆ. ಇವರು ಆರಾಮ. ಚರಿತ್ರೆಯಲ್ಲಿ 1982ಕ್ಕೆ ಬಂದಿದ್ದರು. ಕುವೈತು ಆಡಿದ್ದು ಅದೊಂದೇ ಕಪ್ಪಂತೆ. ಅಲ್ಲಿನ ರಾಜಕುಮಾರನೊಬ್ಬ ಮೈದಾನಕ್ಕೇ ಇಳಿದು ಬಂದು, ಫ್ರಾನ್ಸಿನವರು ಹೊಡೆದ ಗೋಲನ್ನು ರದ್ದು ಮಾಡಿಸಿದನಂತೆ. ಮೀನು ಕೊಯ್ಯುವಾಗ ಎದುರಿಗೆ ಕುಳಿತು ಇದನ್ನು ಎರಡು ಸಲ ಹೇಳಿದರು. "ಆದದ್ದನ್ನು ಆಗಲಿಲ್ಲ ಅಂತ ಮಾಡಿಸಿದ, ನೋಡು," ಎಂದರು. ನನ್ನ ಬೆರಳು ಕೊಯ್ದುಕೊಂಡಿತು.

ನಿನ್ನೆ ಇವರು ಕ್ಷೌರಕ್ಕೆ ಹೋದಾಗ ಆ ಪುಸ್ತಕ ತೆಗೆದೆ. ಇನ್ನೊಬ್ಬರ ಬರಹ ಓದುವುದು ತಪ್ಪು. ಆದರೆ ಎಂಟು ತಿಂಗಳಿಂದ ಊಟದ ಹೊತ್ತಿಗೆ ಅದನ್ನೇ ಕೇಳಿದ್ದೇನೆ, ನನಗೆ ಅಷ್ಟು ಹಕ್ಕುಂಟು. ಇವರು ಪಾಠಗಳನ್ನು ಕ್ರಮದಲ್ಲಿ ಬರೆಯುತ್ತಾರೆ, ಕೆಂಪು ಶಾಯಿಯದ್ದನ್ನು ಮಾತ್ರ ಎಲ್ಲ ವರ್ಷಕ್ಕೂ ಮೊದಲೇ ಬರೆದಿಟ್ಟಿದ್ದಾರೆ. 1998ಕ್ಕೆ ಮುಕ್ಕಾಲು ಪುಟ. 2002ಕ್ಕೆ ಒಂದೂವರೆ, ಡೆನ್ವರ್ ಹುಟ್ಟಿದ ಸುದ್ದಿಗೆ ಕುವೈತಿನ ಕ್ಯಾಂಪಿನವರಿಗೆಲ್ಲ ಹಂಚಿದ ಮಿಠಾಯಿಯ ಸಮೇತ. 2006ಕ್ಕೆ ಒಂದೇ ಸಾಲು: ‘ಜುಲೈ 1. ಪೋರ್ಚುಗಲ್–ಇಂಗ್ಲೆಂಡ್. ಪೆನಾಲ್ಟಿಯಲ್ಲಿ ಪೋರ್ಚುಗಲ್ ಗೆದ್ದಿತಂತೆ. ನೋಡಲಿಲ್ಲ.’

ಇವರು ಕುತ್ತಿಗೆಗೆ ಪೌಡರು ಬಳಿಸಿಕೊಂಡು ಬಂದಾಗ ನಾನು ಪುಸ್ತಕ ತೆರೆದಿಟ್ಟುಕೊಂಡೇ ಕುಳಿತಿದ್ದೆ.

"ಇದು ಎಂತ?" ಎಂದೆ.

ಇವರು ಚಪ್ಪಲಿ ಕಳಚಿದರು. ಬಂದು ಕುಳಿತರು. "ವಿಲ್ಫ್ರೆಡ್," ಎಂದರು.

ವಿಲ್ಫ್ರೆಡನ ಮನೆ ನಮ್ಮಿಂದ ನಾಲ್ಕು ತೋಟದಾಚೆ, ಕುವೈತಿನಲ್ಲಿ ಇವರ ಕೋಣೆಯವನು. ಅವನ ಹೆಂಡತಿ ಮಾಂಯ್‌ಗೆ ಸೀರೆ ಉಡಿಸಲು ಬಂದವಳು. ಆ ಸಂಜೆಯೇ ಗಂಡನಿಗೆ ಫೋನು ಮಾಡಿದ್ದಾಳೆ. ನಾನು ಇಡೀ ಊರಿನ ಬಾಯಿಗೆ ಬೀಗ ಹಾಕಿದೆ ಎಂದುಕೊಂಡಿದ್ದೆ, ಎಂಥ ಪೆದ್ದಿ ನಾನು!

"ಟೀವಿ ಕೋಣೆಯಲ್ಲಿ ಎಲ್ಲ ನಿಂತಿದ್ದೆವು," ಎಂದರು ಇವರು. "ಪೆನಾಲ್ಟಿ ಶುರುವಾಗುವಾಗ ವಿಲ್ಫ್ರೆಡ್ ಬಂದು ಭುಜ ಹಿಡಿದ. ಅವನ ಕೈಯಲ್ಲೇ ಗೊತ್ತಾಯಿತು. ಹಿಂದಿನಿಂದ ಗೋಲ್ ಗೋಲ್ ಅಂತ ಕೂಗುತ್ತಾ ಇದ್ದರು."

"ಮತ್ತೆ ನೀವು ಹೇಳಲಿಲ್ಲ!" ಎಂದೆ. ನನಗೆ ಸಿಟ್ಟೇ ಬಂತು ಸುಗಂಧಿ. ತಪ್ಪು ಮಾಡಿದವಳು ನಾನು, ಜೋರು ಮಾಡಿದವಳೂ ನಾನೇ. "ಇಪ್ಪತ್ತು ವರ್ಷ! ಯಾವ ದೇಶ ಎಷ್ಟು ಗೋಲು ಹೊಡೆಯಿತು ಅಂತ ನನ್ನ ತಲೆ ತಿಂದಿರಿ, ಈ ಒಂದು ಮಾತು ಹೇಳಲಿಕ್ಕೆ ಆಗಲಿಲ್ಲವಾ ನಿಮಗೆ?"

"ನೀನು ಹೇಳಲಿ ಅಂತ ಕಾದೆ ಬೆನ್ನಾ. ಆ ವಾರ ನಾನು ದಿನಾ ಫೋನು ಮಾಡಿದೆ, ನೆನಪುಂಟಾ? ಅಮ್ಮ ಹೇಗಿದ್ದಾಳೆ ಅಂತ ಕೇಳಿದೆ. ಮಲಗಿದ್ದಾರೆ ಅಂದೆ ನೀನು. ಸರಿ, ಎಬ್ಬಿಸಬೇಡ ಅಂದೆ ನಾನು."

ನೆನಪಿತ್ತು. ನನಗೆ ಒಂದೊಂದು ದಿನವೂ ನೆನಪಿದೆ. ಅಷ್ಟು ದಿನ ಫೋನು ಮಾಡಿದರು, ಅಷ್ಟೂ ದಿನ ನಾನು ಮಾಂಯ್ ಮಲಗಿದ್ದಾರೆ ಎಂದೆ. ದಿನಾ ಯಾಕೆ ಇಷ್ಟು ಫೋನು ಎಂದು ಒಮ್ಮೆ ಬೈದೂ ಇದ್ದೆ.

"ಹಾಗಾದರೆ ಕಲ್ಲಿಗೆ ಎಂಟು ಅಂತ ಯಾಕೆ ಬರೆದುಕೊಟ್ಟಿರಿ?"

"ನೀನು ಎಂಟು ಅಂದಿದ್ದೆ."

"ಊರಿಗೆಲ್ಲ ಒಂದು ಅಂತ ಗೊತ್ತುಂಟು! ನಿಮಗೆ ಮಂಡೆ ಸರಿ ಇಲ್ಲ ಅನ್ನುತ್ತಾರೆ!"

"ಅನ್ನಲಿ. ಫುಟ್‌ಬಾಲಿನ ಮರ್ಲ, ತಾಯಿ ಸತ್ತ ದಿನ ಕೂಡ ನೆನಪಿಲ್ಲ ಅಂತ ನಗಲಿ. ಹೇಗೂ ನಗುತ್ತಾರೆ. ಒಂದು ಅಂತ ಕೆತ್ತಿಸಿದರೆ ನನಗೆ ಗೊತ್ತಿತ್ತು ಅಂತ ನಿನಗೆ ತಿಳಿಯುತ್ತದೆ. ಆಮೇಲೆ ನೀನು ನಿದ್ದೆ ಮಾಡುತ್ತೀಯಾ?"

ಮದುವೆಯಾಗಿ ಇಪ್ಪತ್ತೇಳು ವರ್ಷ ಈ ಮನುಷ್ಯನನ್ನು ವರ್ಷಕ್ಕೆ ನಲವತ್ತು ದಿನದಂತೆ ನೋಡಿದೆ, ಎಂಟು ತಿಂಗಳಿಂದ ದಿನವಿಡೀ ನೋಡಿ ಬೇಸತ್ತೆ. ಇವರೊಳಗೆ ಇಂಥದ್ದು ಉಂಟೆಂದು ಗೊತ್ತಿರಲಿಲ್ಲ. ಮೇಲೆ ಮೇಲೆ ಬರೀ ಗೋಲು, ಪೆನಾಲ್ಟಿ. ಇಬ್ಬರೂ ಅತ್ತೆವು. ಡೆನ್ವರ್ ಮಣಿಪಾಲದ ಕೆಲಸದಿಂದ ಬಂದವನು ಬಾಗಿಲಲ್ಲೇ ನಿಂತು, "ಯಾರು ಸೋತದ್ದು?" ಎಂದು ಕೇಳಿದ. ತಂದೆಯ ಮಗ.

ಆಮೇಲೆ ನಾನು ಗಟ್ಟಿಯಾಗಿ ಹೇಳಿದೆ, ಕಲ್ಲಿನಲ್ಲಿ ಸರಿಯಾದ ತಾರೀಕೇ ಬರಬೇಕು, ಪೂಜೆಯೂ ಒಂದಕ್ಕೇ ಆಗಬೇಕು ಎಂದು. ಅವತ್ತು ಮ್ಯಾಚಿದ್ದರೆ ಇರಲಿ. ಇವರು ಒಪ್ಪಿದರು. ಫಾದರ್ ಹತ್ತಿರ ಹೋಗಿ ದಿನ ಬದಲಿಸಿ ಬಂದರು. ನಾಳಿದ್ದು ಶನಿವಾರ ಬಸ್ಸು ಹಿಡಿದು ಕಾರ್ಕಳಕ್ಕೆ ಬಂದು ಹೊಸ ಚೀಟಿ ಬರೆದುಕೊಡುತ್ತಾರೆ. ನಿಮ್ಮ ಮನೆಗೂ ಬರಬಹುದು. ಬಂದರೆ 1982ರ ವಿಷಯ ಕೇಳಬೇಡ, ಊಟ ತಣ್ಣಗಾಗುತ್ತದೆ. ಸೋಮವಾರ ಆಚಾರಿ ಕೆತ್ತಲು ಶುರು ಮಾಡುತ್ತಾರಂತೆ. ಹನುಮಪ್ಪನ ಕಟ್ಟೆ ಮುಗಿದಿದೆ. "ಮಳಿ ಹಿಡಿಯೂದ್ರಾಗ ಕಲ್ಲು ತರಸ್ರಿ ಬಾಯಾರ," ಎಂದು ಅವನು ದಿನಾ ಹೇಳುತ್ತಾನೆ.

ವಿಕಾಸನ ಹೆಂಡತಿಗೆ ಏಳನೇ ತಿಂಗಳು ಎಂದು ಬರೆದಿದ್ದೀ. ಸುಖವಾಗಿ ಹಡೆಯಲಿ. ಅವಳಿಗಾಗಿ ಮರಿಯಮ್ಮನ ಮುಂದೆ ಮೇಣದಬತ್ತಿ ಇಟ್ಟಿದ್ದೇನೆ. ನಿನ್ನ ಯಜಮಾನರ ಸಕ್ಕರೆ ಇಳಿಯಲಿ, ನಿನ್ನ ಮಂಡಿ ನೆಟ್ಟಗಾಗಲಿ, ನಿನ್ನ ಮನೆಯ ದೀಪ ಸಂಪಾಗಿ ಉರಿಯಲಿ.

ಎಂದೂ ನಿನ್ನವಳೇ ಆದ
ಬೆನೆಡಿಕ್ಟಾ

ಮರೆತ ಮಾತು: ಮರೆಯಲಿಲ್ಲ ಸುಗಂಧಿ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಇವರು ಶನಿವಾರದ ಚೀಟಿಯಲ್ಲಿ ತಾರೀಕಿನ ಕೆಳಗೆ ಇನ್ನೊಂದು ಸಾಲು ಬರೆಯುತ್ತಾರಂತೆ. ‘ನನಗಾಗಿ ಮಗನನ್ನು ಕರೆಸಬೇಡಿ, ಅವನು ಚೆನ್ನಾಗಿರಲಿ.’ ಅಮ್ಮನ ಕೊನೆಯ ಮಾತು ಕಲ್ಲಿನಲ್ಲಿ ಇರಬೇಕು ಎನ್ನುತ್ತಾರೆ. "ಅಮ್ಮ ಹಾಗೆ ಹೇಳಿದ್ದಳು ಎಂಬ ಒಂದೇ ಮಾತಿನ ಮೇಲೆ ಆ ವರ್ಷ ನಾನು ಬದುಕಿದೆ, ಇಲ್ಲವಾದರೆ ನಿನ್ನನ್ನು ಕ್ಷಮಿಸಲು ನನ್ನಿಂದ ಆಗುತ್ತಿರಲಿಲ್ಲ," ಎಂದರು.

ಮಾಂಯ್ ಹಾಗೆ ಹೇಳಲಿಲ್ಲ. ನಿನಗೂ ನಾನು ಅದೇ ಸುಳ್ಳು ಹೇಳಿದ್ದೆ. ಅವರು ಮೂರು ದಿನ ಒಂದೇ ಮಾತು ಕೇಳಿದರು, "ಲಿಗೋರಿಗೆ ತಿಳಿಸಿದಿಯಾ?" ಎಂದು. ತಿಳಿಸಿದ್ದೇನೆ ಮಾಂಯ್, ಹೊರಟಿದ್ದಾರೆ ಎಂದೆ. ಶುಕ್ರವಾರ ಸಂಜೆ ತಲೆಗೆ ಎಣ್ಣೆ ಹಚ್ಚಿ ಬಾಚು ಎಂದರು, ಮಗ ಬರುವಾಗ ಕೆದರಿರಬಾರದಂತೆ. ನಾನು ಬಾಚಿದೆ. ತಾರೀಕಿನ ಸುಳ್ಳನ್ನು ಫಾದರ್ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಇದನ್ನು ಒಮ್ಮೆಯೂ ಹೇಳಲಿಲ್ಲ.

ಆ ಸಾಲು ಅವರ ಹೆಸರಿನ ಕೆಳಗೆ ಬರಬಾರದು. ಶನಿವಾರ ಇವರು ಬಸ್ಸು ಹತ್ತುವ ಮೊದಲು ಹೇಳಿಬಿಡಬೇಕು, ಆಮೇಲೆ ಇವರು ನನ್ನನ್ನು ಕ್ಷಮಿಸದಿದ್ದರೂ ಸರಿ. ಈ ಪತ್ರವನ್ನು ನಾನೇ ಹೋಗಿ ಅಂಚೆ ಡಬ್ಬಿಗೆ ಹಾಕಿ ಬರುತ್ತೇನೆ. ಮೊದಲು ನಿನಗೆ ಬರೆದದ್ದು ಅದಕ್ಕೇ. ಒಮ್ಮೆ ಡಬ್ಬಿಗೆ ಬಿದ್ದ ಮೇಲೆ ನಾನು ಹಿಂದೆ ಸರಿಯುವ ಹಾಗಿಲ್ಲ.